ಸನಾವುಲ್ಲಾ ಸಾಹೇಬರ ಬಲಗಾಲಿನ ಗಿಳಿಗಳು

ಶಿವಾಜಿನಗರದಲ್ಲಿ ಮನುಷ್ಯರಿಗೆ ಮರ್ಯಾದೆ ಕಲಿಸುವವರು ಗಲ್ಲಿಗೊಬ್ಬರು ಸಿಗುತ್ತಾರೆ. ಗಿಳಿಗಳಿಗೆ ಮರ್ಯಾದೆ ಕಲಿಸುವವರು ಮಾತ್ರ ಒಬ್ಬರೇ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಕೆಳಗೆ ಪಂಜರದ ಅಂಗಡಿ, ಮೇಲೆ ಮನೆ, ಅದಕ್ಕೂ ಮೇಲೆ ತಾರಸಿಯಲ್ಲಿ ಹಕ್ಕಿಗೂಡು ಇಟ್ಟುಕೊಂಡಿರುವ ಸನಾವುಲ್ಲಾ ಸಾಹೇಬರು. ವಯಸ್ಸು ಅರವತ್ತಾರು, ಗಡ್ಡಕ್ಕೆ ಮೆಹಂದಿ, ತಲೆಗೆ ಬಿಳಿ ಟೋಪಿ, ಬಾಯಲ್ಲಿ ಸದಾ ಉಪದೇಶ. ಅವರು ಸಾಕುವುದು ನಮ್ಮ ಮರಗಳ ಹಸಿರು ಗಿಳಿಗಳನ್ನಲ್ಲ. ಅವನ್ನು ಪಂಜರಕ್ಕೆ ಹಾಕಿದರೆ ಅರಣ್ಯ ಇಲಾಖೆಯವರು ಬಂದು ಸಾಹೇಬರನ್ನೇ ಪಂಜರಕ್ಕೆ ಹಾಕುತ್ತಾರೆ. ಇವು ಕಾನ್ಯೂರ್ ಎಂಬ ವಿದೇಶಿ ಜಾತಿಯ ಪುಟ್ಟ ಗಿಳಿಗಳು. ಮೈಯೆಲ್ಲ ಅರಿಶಿನ ಕುಂಕುಮದ ಬಣ್ಣ, ಜೊತೆಗೆ ಒಂದೊಂದಕ್ಕೂ ಸರ್ಕಾರದ ಕಾಗದ.

ಕಾನ್ಯೂರ್ ತಿನ್ನುವುದನ್ನು ನೀವು ನೋಡಬೇಕು. ಒಂದು ಕಾಲ ಮೇಲೆ ನಿಂತು, ಇನ್ನೊಂದು ಕಾಲಲ್ಲಿ ಕಾಳು ಹಿಡಿದು, ಬಾಯಿಗೆ ತಂದು ನಿಧಾನಕ್ಕೆ ತಿನ್ನುತ್ತದೆ. ಎಡಗಾಲೋ ಬಲಗಾಲೋ ಅದು ಅದರ ಇಷ್ಟ. ಈ ಇಷ್ಟವೇ ಸಾಹೇಬರಿಗೆ ಸರಿಬರಲಿಲ್ಲ. ಎಡಗೈಯಲ್ಲಿ ತಿನ್ನುವುದು ಮನುಷ್ಯರಿಗೆ ಅವಮರ್ಯಾದೆ ಅಂದಮೇಲೆ ಗಿಳಿಗೆ ಯಾಕೆ ಮಾಫಿ? ಮರಿ ಎಡಗಾಲು ಎತ್ತಿದರೆ ಸೂರ್ಯಕಾಂತಿ ಬೀಜ ಹಿಂದಕ್ಕೆ. ಬಲಗಾಲು ಎತ್ತಿದರೆ ಬೀಜವೂ ಉಂಟು, ಒಂದು ಶಾಬಾಶ್ ಕೂಡ ಉಂಟು. ಎರಡು ತಿಂಗಳಲ್ಲಿ ಎಂಥ ಮೊಂಡು ಮರಿಯೂ ದಾರಿಗೆ ಬರುತ್ತಿತ್ತು. ಅಂಗಡಿಯ ಬೋರ್ಡಿನಲ್ಲಿ ನಾಲ್ಕು ಭಾಷೆಯಲ್ಲಿ ಬರೆಸಿದ್ದರು: ಇಲ್ಲಿ ಮರ್ಯಾದೆ ಕಲಿತ ಗಿಳಿಗಳು ದೊರೆಯುತ್ತವೆ.

ಜನ ಮುಗಿಬಿದ್ದರು, ಇನ್ನೇನು! ಫ್ರೇಜರ್ ಟೌನಿನವರು ಬಂದರು, ಕಲ್ಯಾಣ ನಗರದವರು ಬಂದರು, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೊಳೆತು ಕೆ.ಆರ್. ಪುರದವರೂ ಬಂದರು. ದೇವರ ವಿಷಯ ಬಂದರೆ ಒಂದೇ ಬಸ್ಸು ಹತ್ತಲು ಒಪ್ಪದವರು ಎಡಗೈ ವಿಷಯಕ್ಕೆ ಬಂದಾಗ ಒಂದೇ ಸೀಟಿನಲ್ಲಿ ಅಂಟಿಕೊಂಡು ಕೂರುತ್ತಿದ್ದರು. ಒಂದೇ ಒಂದು ಗಿಳಿ ಮಾತ್ರ ಸಾಹೇಬರ ಕೈಗೆ ಬಗ್ಗಲಿಲ್ಲ. ಬೀಜ ಹಿಂದಕ್ಕೆ ಎಳೆದರೆ ಬೆರಳನ್ನೇ ಕಚ್ಚುತ್ತಿತ್ತು. ಅದಕ್ಕೆ ಶೈತಾನ್ ಎಂದು ಹೆಸರಿಟ್ಟು, ಹಲಸೂರಿನ ಮುನಿರಾಜಪ್ಪನವರಿಗೆ ಸುಮ್ಮನೆ ದಾನ ಮಾಡಿ ಕೈತೊಳೆದುಕೊಂಡರು. ಮುನಿರಾಜಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತಿಯಾದವರು, ಸಾಹೇಬರ ಹಳೇ ಸ್ನೇಹಿತರು. ಅವರ ಹೆಂಡತಿ ಮುನಿವೆಂಕಟಮ್ಮ ಮಂಗಳಾರತಿ ಹೊತ್ತಿನಲ್ಲಿ ಆ ಗಿಳಿಯನ್ನು ಬಚ್ಚಲಿಗೆ ಕಳಿಸುತ್ತಿದ್ದರಂತೆ, ಎಡಗಾಲಲ್ಲಿ ಪ್ರಸಾದ ಕಿತ್ತುಕೊಳ್ಳುತ್ತದೆ ಎಂದು.

ಈಗ ಒಂದು ಗುಟ್ಟು ಹೇಳಬೇಕು. ಸನಾವುಲ್ಲಾ ಸಾಹೇಬರು ಹುಟ್ಟಾ ಎಡಚರು. ಐದನೇ ವಯಸ್ಸಿನಲ್ಲಿ ಅವರ ಅಬ್ಬಾ ಎಡಗೈಯನ್ನು ಬೆನ್ನಿಗೆ ದುಪಟ್ಟಾದಿಂದ ಬಿಗಿದು ಆರು ತಿಂಗಳು ಬಿಟ್ಟಿದ್ದರು. ಆಮೇಲೆ ಊಟ, ಬರಹ, ಸಲಾಮು ಎಲ್ಲ ಬಲಗೈಗೆ ಬಂತು. ಬರಹ ಕೋಳಿ ಕೆದರಿದ ಹಾಗೆ ಬಂತು, ಶಾಲೆ ಮೂರನೇ ಕ್ಲಾಸಿಗೆ ನಿಂತಿತು. ಆದರೆ ಅಂಗಡಿಯ ಶಟರ್ ಅರ್ಧ ಎಳೆದು, ಯಾರೂ ಇಲ್ಲದಾಗ, ಅವರು ಇಕ್ಕಳ ಹಿಡಿಯುತ್ತಿದ್ದದ್ದು ಎಡಗೈಯಲ್ಲೇ. ಊರು ಮೆಚ್ಚಿದ ಆ ಪಂಜರಗಳ ಒಂದೊಂದು ತಂತಿಯನ್ನೂ ಬಾಗಿಸಿದ್ದು ಆ ನಾಚಿಕೆಗೆಟ್ಟ ಕೈಯೇ. ಇದು ಗೊತ್ತಿದ್ದದ್ದು ಹೆಂಡತಿ ಸುರಯ್ಯಾ ಬೀ ಒಬ್ಬರಿಗೆ.

ಅಂಥ ಮನೆಯಲ್ಲಿ ಮೊಮ್ಮಗಳು ರಿಮ್ಶಾ ಹುಟ್ಟಿದ್ದು ಎಡಚಿಯಾಗಿ. ಮಗ ಸೈಫ್, ಸೊಸೆ ಮೆಹ್ವಿಶ್ ಇಬ್ಬರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಂಡದ್ದು ತಾತ. ಮನೆಯಲ್ಲಿ ಬಿಸ್ಮಿಲ್ಲಾ ಶಾಸ್ತ್ರ ಹತ್ತಿರ ಬರುತ್ತಿತ್ತು. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಹೂವು ಮುಡಿಸಿ, ನೆಂಟರನ್ನೆಲ್ಲ ಕೂಡಿಸಿ, ಹಲಗೆಯ ಮೇಲೆ ಕೇಸರಿ ನೀರಿನಲ್ಲಿ ಮೊದಲ ಅಕ್ಷರ ಬರೆಸುವ ದಿನ ಅದು. ಅರವತ್ತು ಜನ ನೆಂಟರ ಮುಂದೆ ಎಡಗೈಯಲ್ಲಿ ಅಲಿಫ್ ಬರೆದರೆ? ಮರ್ಯಾದೆ ಸನಾವುಲ್ಲಾನ ಮೊಮ್ಮಗಳು! ಸಾಹೇಬರಿಗೆ ಅದನ್ನು ನೆನೆದರೇ ಬೆವರು ಕಿತ್ತುಬರುತ್ತಿತ್ತು.

ಸರಿ, ಗಿಳಿಗಳಿಗೆ ಮಾಡಿದ ಮದ್ದನ್ನೇ ಮಗುವಿಗೂ ಶುರು ಮಾಡಿದರು. ಬೆಳಗಿನ ಚಹಾ ಹೊತ್ತಿಗೆ ರಿಮ್ಶಾ ಎಡಗೈ ಚಾಚಿದರೆ ಬಿಸ್ಕತ್ತು ಹಿಂದಕ್ಕೆ. ಬಲಗೈ ಚಾಚಿದರೆ ಬಿಸ್ಕತ್ತು, ಶಾಬಾಶ್. ಮೂರು ವಾರದಲ್ಲಿ ಮಗು ಕೈ ಚಾಚುವ ಮುಂಚೆ ತಾತನ ಮುಖ ನೋಡುವುದನ್ನು ಕಲಿಯಿತು. ಸಾಹೇಬರಿಗೆ ಖುಷಿಯೋ ಖುಷಿ.

“ನೋಡಿದ್ಯಾ? ಎಷ್ಟು ಗೌರವ!” ಎಂದರು.

“ಗೌರವ ನೋಡಿದ್ದು ಸಾಕು, ಗೋಡೆ ನೋಡ್ರಿ ಅಜೀ,” ಎಂದರು ಸುರಯ್ಯಾ ಬೀ. “ಮೊದ್ಲು ಗೋಡೆ ತುಂಬ ಬೆಕ್ಕು, ಆಟೋ, ನಿಮ್ಮ ಗಡ್ಡ, ಎಲ್ಲ ಬರೀತಿದ್ಲು. ಎರಡು ವಾರದಿಂದ ಒಂದು ಗೆರೆ ಎಳ್ದಿಲ್ಲ.”

“ಗೋಡೆ ಕ್ಲೀನ್ ಇದೆ ಅಂತ ಅಳ್ತೀಯಲ್ಲ, ನಿನ್ನಂಥೋಳನ್ನ ಎಲ್ಲೂ ನೋಡಿಲ್ಲ,” ಎಂದು ಸಾಹೇಬರು ಗದರಿದರು.

ಇಂಥ ಹೊತ್ತಿನಲ್ಲಿ ಯಮುನಾ ಎಂಬ ಹುಡುಗಿ ಅಂಗಡಿಗೆ ಬಂದಳು. ಹಕ್ಕಿಗಳ ಮಿದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಗಿಳಿಗಳು ಯಾವ ಕಾಲಲ್ಲಿ ತಿನ್ನುತ್ತವೆ ಎಂದು ಎಣಿಸಬೇಕು, ತಾರಸಿಯಲ್ಲಿ ಕ್ಯಾಮೆರಾ ಇಡಬಹುದೇ ಎಂದು ಕೇಳಿದಳು. ಸಾಹೇಬರು ಕುರ್ಚಿ ಒರೆಸಿ ಕೊಟ್ಟರು. ತಮ್ಮ ತಾಲೀಮಿಗೆ ಅಂಕ ಹಾಕಲು ಸರ್ಕಾರ ಕೊನೆಗೂ ಯಾರನ್ನೋ ಕಳಿಸಿದೆ ಎಂದೇ ತಿಳಿದರು. ಒಳ್ಳೆಯ ಕೆಲಸವನ್ನು ತಾವಾಗಿ ಹೇಳಿಕೊಳ್ಳಬಾರದು ಎಂಬ ಸಂಕೋಚದಿಂದ ತಾಲೀಮಿನ ಮಾತೇ ಎತ್ತಲಿಲ್ಲ. ಬೋರ್ಡಿನಲ್ಲಿದ್ದ ಮರ್ಯಾದೆ ಎಂದರೆ ಕಚ್ಚದೇ ಇರುವುದು ಎಂದು ಯಮುನಾ ಅಂದುಕೊಂಡಳು.

ಎರಡು ವಾರ ಎಣಿಸಿದಳು. ಇಪ್ಪತ್ತು ಗಿಳಿ, ಇಪ್ಪತ್ತೂ ಬಲಗಾಲು!

“ಅಂಕಲ್, ಇದು ಎಲ್ಲೂ ಇಲ್ಲ! ಸುಮಾರು ಗಿಳಿಗಳಲ್ಲಿ ಎಡಗಾಲೇ ಜಾಸ್ತಿ. ಇಲ್ಲಿ ಏನೋ ಬೇರೇನೇ ಇದೆ. ನೀರಲ್ಲೇನಾದ್ರೂ ಇದ್ಯಾ?”

“ನೀರು ಟ್ಯಾಂಕರ್‌ದು ಬೇಟಿ,” ಎಂದರು ಸಾಹೇಬರು ವಿನಯದಿಂದ.

ಟ್ಯಾಂಕರ್ ನೀರನ್ನೂ ಬರೆದುಕೊಂಡಳು. ತನ್ನ ಗೈಡಿಗೆ ಮೇಲ್ ಹೋಯಿತು. ಗೈಡು ಹರ್ಷಪಟ್ಟು ಹೊರದೇಶದ ಗೆಳೆಯರಿಗೆ ಬರೆದರು. ಶಿವಾಜಿನಗರದ ಬಲಗಾಲಿನ ಗಿಳಿ ಇನ್ನೇನು ಸಮುದ್ರ ದಾಟಬೇಕು, ಅಷ್ಟರಲ್ಲಿ ಒಂದು ಬೆಳಗ್ಗೆ ಯಮುನಾ ಸ್ವಲ್ಪ ಬೇಗ ಬಂದಳು. ಸಾಹೇಬರು ಕೆಳಗಿನ ಅಂಗಡಿಯಲ್ಲಿ ಹೊಸ ಮರಿಯೊಂದಕ್ಕೆ ಬೀಜ ತೋರಿಸಿ, “ಹೂಂಹೂಂ, ಆ ಕಾಲಲ್ಲ” ಎಂದು ಹಿಂದಕ್ಕೆಳೆಯುವುದನ್ನು ನೋಡಿದಳು. ನೋಡಿದವಳೇ ಅಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದಳು.

“ಅಂಕಲ್, ಎಷ್ಟು ದಿನದಿಂದ ಹೀಗ್ ಮಾಡ್ತಿದ್ದೀರ?”

“ಹದಿನೆಂಟು ವರ್ಷ,” ಎಂದರು ಸಾಹೇಬರು ಹೆಮ್ಮೆಯಿಂದ.

ಪಾಪ, ಆ ಹುಡುಗಿ ಅಳಬೇಕೋ ನಗಬೇಕೋ ಗೊತ್ತಾಗದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಸುರಯ್ಯಾ ಬೀ ಚಹಾ ಕೊಟ್ಟು ಸಮಾಧಾನ ಮಾಡಿ, ಕಾಲಲ್ಲಿ ಏನಮ್ಮಾ ಅಂಥದ್ದು ಎಂದು ಕೇಳಿದರು.

“ಹಕ್ಕಿಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿ ಅಲ್ವಾ ಆಂಟಿ. ಬಲಗಣ್ಣು ನೋಡಿದ್ದು ಹೆಚ್ಚಾಗಿ ಎಡ ಮಿದುಳಿಗೆ ಹೋಗತ್ತೆ, ಎಡಗಣ್ಣು ನೋಡಿದ್ದು ಬಲಕ್ಕೆ. ಒಂದು ಕಡೆ ಕಲ್ಲಲ್ಲಿ ಕಾಳು ಹುಡುಕ್ತಿದ್ರೆ ಇನ್ನೊಂದು ಕಡೆ ಹದ್ದು ಬಂತಾ ಅಂತ ನೋಡ್ತಿರತ್ತೆ. ಯಾವ ಕಾಲು ಎತ್ತತ್ತೆ ಅನ್ನೋದಕ್ಕೂ ಈ ಹಂಚಿಕೆಗೂ ಸಂಬಂಧ ಇದೆ. ಎಡವೋ ಬಲವೋ ಮುಖ್ಯ ಅಲ್ಲ, ಹುಟ್ಟಿನಿಂದ ಬಂದ ಕಡೆ ಗಟ್ಟಿಯಾಗಿದ್ರೆ ಕಷ್ಟದ ಕೆಲಸ ಬೇಗ ಬಗೆಹರಿಸತ್ತೆ. ಎರಡೂ ಕಡೆ ತೂಗಾಡೋ ಗಿಳಿ ನಿಧಾನ.”

“ಗೊತ್ತಾಯ್ತು ಬಿಡು. ನಾನೂ ಮೆಹ್ವಿಶೂ ಒಲೆ ಹಂಚ್ಕೊಂಡ ಹಾಗೆ. ನಾನು ಸಾರು ಸಾಲನ್, ಅವಳು ರೋಟಿ. ಇಬ್ರೂ ಒಂದೇ ಪಾತ್ರೆಗೆ ಸೌಟು ಹಾಕಿದ್ರೆ ಊಟ ಮೂರು ಗಂಟೆಗೆ.”

ಸಾಹೇಬರಿಗೆ ಸಿಟ್ಟು ಬಂತು. ತಮ್ಮ ಗಿಳಿಗಳು ನಿಧಾನವೇ? ಯಾವ ಕಷ್ಟದ ಕೆಲಸ, ತನ್ನಿ ನೋಡೋಣ ಎಂದು ಸವಾಲು ಹಾಕಿದರು. ಯಮುನಾಗೂ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಭಾನುವಾರ ಪರೀಕ್ಷೆ ಎಂದು ಗೊತ್ತಾಯಿತು. ಕೂರುವ ಕೋಲಿನಿಂದ ಒಂದು ದಾರ ಇಳಿಬಿಟ್ಟು, ತುದಿಗೆ ಅಕ್ರೋಟಿನ ಚೂರು ಕಟ್ಟುವುದು. ಗಿಳಿ ಕೊಕ್ಕಿನಿಂದ ದಾರ ಎಳೆದು, ಎಳೆದಷ್ಟನ್ನು ಕಾಲಿನಿಂದ ಅದುಮಿ ಹಿಡಿದು, ಮತ್ತೆ ಎಳೆಯಬೇಕು. ಆರೇಳು ಸಲ ಹೀಗೆ ಮಾಡಿದರೆ ಅಕ್ರೋಟು ಅದರದ್ದು.

ಭಾನುವಾರ ಮೊದಲು ಬಂದದ್ದು ಸಾಹೇಬರ ಮುದ್ದಿನ ಶಿಷ್ಯ, ನವಾಬ್. ನವಾಬ್ ದಾರವನ್ನು ಕೊಕ್ಕಿನಿಂದ ಎಳೆಯಿತು. ತಾನಾಗಿಯೇ ಎಡಗಾಲು ಮೇಲೆದ್ದಿತು. ಅಷ್ಟರಲ್ಲಿ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ಸಾಹೇಬರ ಮುಖ ನೋಡಿತು. ಎಡಗಾಲು ಕೆಳಗಿಳಿಯಿತು, ಬಲಗಾಲು ಎದ್ದಿತು, ದಾರ ಕೊಕ್ಕಿನಿಂದ ಜಾರಿ ಅಕ್ರೋಟು ಕೆಳಗೆ ಹೋಯಿತು. ಮತ್ತೆ ಎಳೆಯಿತು, ಮತ್ತೆ ಎಡಗಾಲು, ಮತ್ತೆ ಆ ನೋಟ. ಹನ್ನೊಂದು ಸಲ ಹೀಗಾಯಿತು. ಆಮೇಲೆ ನವಾಬ್ ದಾರದ ಗೊಡವೆಯನ್ನೇ ಬಿಟ್ಟು, ಖಾಲಿ ಬಲಗಾಲನ್ನು ಎತ್ತಿ ಹಿಡಿದು ಶಾಬಾಶಿಗಾಗಿ ಕಾಯುತ್ತ ಕೂತಿತು. ಹುಟ್ಟಾ ಬಲಗಾಲಿನ ಮೂರು ನಾಲ್ಕನ್ನು ಬಿಟ್ಟರೆ ಉಳಿದವುಗಳದ್ದೂ ಇದೇ ಕಥೆ.

“ಸಾಬ್ರೇ, ನಮ್ ಹುಡುಗನ್ನೂ ಒಂದ್ಸಲ ಕೂರ್ಸಿ,” ಎಂದರು ಮುನಿರಾಜಪ್ಪ. ಹಲಸೂರಿನಿಂದ ಸ್ಕೂಟರಿನಲ್ಲಿ ಶೈತಾನನನ್ನು ಹೊತ್ತುತಂದಿದ್ದರು. ಶೈತಾನ್ ಯಾರ ಮುಖವನ್ನೂ ನೋಡಲಿಲ್ಲ. ಎಳೆ, ಎಡಗಾಲಲ್ಲಿ ಒತ್ತು, ಎಳೆ, ಒತ್ತು. ಒಂದು ನಿಮಿಷ ತುಂಬುವುದರೊಳಗೆ ಅಕ್ರೋಟು ತಿಂದು, ಪುಡಿಯನ್ನು ಸಾಹೇಬರ ಟೋಪಿಯ ಮೇಲೆ ಉದುರಿಸಿತು.

ಮುನಿರಾಜಪ್ಪ ಚಪ್ಪಾಳೆ ಹೊಡೆದರು. ಸಾಹೇಬರ ಕಣ್ಣು ಮಾತ್ರ ನವಾಬನ ಮೇಲೇ ಇತ್ತು. ಕಾಲು ಎತ್ತಿ, ಮುಖ ನೋಡಿ, ಕಾಲು ಇಳಿಸುವ ಆ ನೋಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಗ್ಗೆ ಚಹಾ ಬಟ್ಟಲಿನ ಆಚೆಯಿಂದ ಅವರನ್ನು ಹಾಗೆ ನೋಡುತ್ತಿದ್ದವಳು ರಿಮ್ಶಾ. ಅದನ್ನು ಅವರು ಗೌರವ ಎಂದುಕೊಂಡಿದ್ದರು. ಅದು ಭಯ.

“ಬೇಟಿ, ಮಕ್ಕಳಲ್ಲೂ ಹೀಗೇನಾ?” ಎಂದು ಯಮುನಾಳನ್ನು ಕೇಳಿದರು.

“ನಂಗೆ ಹಕ್ಕಿ ಮಾತ್ರ ಗೊತ್ತು ಅಂಕಲ್. ಮಕ್ಕಳ ವಿಷ್ಯ ನಾನು ಹೇಳೋಕಾಗಲ್ಲ,” ಎಂದಳು ಅವಳು. ಪ್ರಾಮಾಣಿಕ ಹುಡುಗಿ.

ಗೊತ್ತಿಲ್ಲ ಅನ್ನುವ ಪ್ರಾಮಾಣಿಕತೆ ಊರಿಗೆಲ್ಲಿಂದ ಬರಬೇಕು? ಮುನಿರಾಜಪ್ಪ ಶೈತಾನನ ವೀಡಿಯೊವನ್ನು ಹಲಸೂರು ಕೆರೆಯ ವಾಕಿಂಗ್ ಗುಂಪಿಗೆ ಕಳಿಸಿದರು. ಅಲ್ಲಿಂದ ಅದು ಇಂದಿರಾನಗರಕ್ಕೆ ಹಾರಿತು. ಮಾರನೇ ದಿನವೇ ಎಡಗಾಲಿನ ಗಿಳಿ ಇದೆಯಾ ಎಂದು ಫೋನು ಶುರುವಾಯಿತು. ಹೋದ ವರ್ಷ ಬಲಗಾಲೇ ಬೇಕೆಂದು ಹಟ ಹಿಡಿದವರೇ ಈಗ ಗಿಳಿ ಬದಲಾಯಿಸಿಕೊಡಿ ಎಂದು ಪಂಜರ ಹಿಡಿದು ಬಂದು ನಿಂತರು. ಸೌಂದರ್ಯಾ ಎಂಬ ಇಂದಿರಾನಗರದ ತಾಯಿ ಗಿಳಿಗೆ ಬರಲಿಲ್ಲ, ಮೂರು ವರ್ಷದ ಮಗನನ್ನೇ ಕರೆದುಕೊಂಡು ಬಂದಳು.

“ನೀವೇ ಟ್ರೈನ್ ಮಾಡೋರಲ್ವಾ? ಇವನು ಹುಟ್ಟಿದಾಗಿಂದ ಬರೀ ರೈಟ್ ಹ್ಯಾಂಡ್. ಲೆಫ್ಟ್ ಮಾಡಿದ್ರೆ ಬ್ರೇನ್ ಶಾರ್ಪ್ ಆಗತ್ತಂತೆ. ಮನೇಲಿ ನಾನೂ ಟ್ರೈ ಮಾಡ್ತಿದ್ದೀನಿ, ಬಲಗೈ ಚಾಚಿದ್ರೆ ಸ್ಪೂನ್ ಕಿತ್ಕೊಂಡ್ಬಿಡ್ತೀನಿ.”

ಆ ಮಗು ಬಲಗೈ ಎತ್ತಿ, ಅಮ್ಮನ ಮುಖ ನೋಡಿ, ಕೈ ಇಳಿಸಿತು.

“ಅಯ್ಯೋ ಬಿಟ್ಬಿಡಮ್ಮಾ!” ಸಾಹೇಬರ ಕೂಗಿಗೆ ಎದುರಿನ ಕಬಾಬಿನ ಅಂಗಡಿಯವನೂ ತಿರುಗಿ ನೋಡಿದ. “ಎಡನೂ ಬೇಡ, ಬಲನೂ ಬೇಡ. ಆ ಮಗೂನ ಅದರ ಪಾಡಿಗೆ ಬಿಟ್ಬಿಡು. ನಿನ್ ಕಾಲಿಗೆ ಬೀಳ್ತೀನಿ!”

ಅವಳು ಮುಖ ಊದಿಸಿಕೊಂಡು ಹೋದಳು. ಸಾಹೇಬರು ಶಟರ್ ಪೂರ್ತಿ ಎಳೆದು ಮೇಲೆ ಹೋದರು. ಶಾಸ್ತ್ರಕ್ಕೆ ಇನ್ನು ಐದೇ ದಿನ. ಬಿಸ್ಕತ್ತಿನ ಡಬ್ಬಿ ತಂದು ರಿಮ್ಶಾಳ ಮುಂದಿಟ್ಟು, ತಗೋ ಎಂದರು. ಮಗುವಿನ ಎಡಗೈ ಅರ್ಧ ಬಂತು, ನಿಂತಿತು, ಒಳಗೆ ಹೋಯಿತು. ಬಲಗೈ ಬಂತು. ಯಾವ ಕೈಯಲ್ಲಾದರೂ ತಗೋ ಎಂದರೆ ಇನ್ನೂ ಹೆದರಿ ಎರಡು ಕೈಯನ್ನೂ ತೊಡೆಯ ಕೆಳಗಿಟ್ಟು ಕೂತಳು. ಐದು ದಿನ ಸಾಹೇಬರು ಹಟ ಹಿಡಿದರು, ಐದು ದಿನವೂ ಸೋತರು.

“ಹದಿನೆಂಟು ವರ್ಷದ ತಾಲೀಮು ಅಜೀ,” ಎಂದರು ಸುರಯ್ಯಾ ಬೀ. “ಚೆನ್ನಾಗೇ ಕಲಿಸ್ತೀರ ನೀವು.” ಅದನ್ನು ಹೇಳುವಾಗ ಅವರು ನಗಲಿಲ್ಲ.

ಶಾಸ್ತ್ರದ ದಿನ ಮನೆ ಹಿಡಿಸದಷ್ಟು ಜನ. ಕೆಂಪು ಜರಿ ಲಂಗ, ತಲೆ ತುಂಬ ಮಲ್ಲಿಗೆ, ಮಧ್ಯೆ ರಿಮ್ಶಾ. ಉಸ್ತಾನಿ, ಅಂದರೆ ಓದು ಹೇಳಿಕೊಡುವ ಹಿರಿಯ ಹೆಂಗಸು, ಹೇಳಿಕೊಟ್ಟದ್ದನ್ನೆಲ್ಲ ಮಗು ಮುದ್ದಾಗಿ ಒಪ್ಪಿಸಿತು. ಆಮೇಲೆ ಕೇಸರಿಯಲ್ಲಿ ಅದ್ದಿದ ಲೇಖನಿಯನ್ನು ಮುಂದೆ ಹಿಡಿದರು. ಎಡಗೈ ಹೊರಬಂತು. ರಿಮ್ಶಾ ತಾತನ ಮುಖ ನೋಡಿದಳು. ಎಡಗೈ ಒಳಗೆ ಹೋಯಿತು. ಬಲ ಮುಷ್ಟಿಯಲ್ಲಿ ಲೇಖನಿ ಹಿಡಿದು ಹಲಗೆಯ ಮೇಲೆ ಕೆರೆದಳು, ಅದು ಜಾರಿ ಲಂಗದ ಮೇಲೆಲ್ಲ ಕೇಸರಿ ಚೆಲ್ಲಿತು. ಇನ್ನೊಮ್ಮೆ ಹಿಡಿದಳು, ಇನ್ನೊಮ್ಮೆ ಜಾರಿತು.

ಸನಾವುಲ್ಲಾ ಸಾಹೇಬರು ಎದ್ದು ನಿಂತರು. “ಎಡಗೈಲೇ ಬರಿ ಬೇಟಾ.”

ಸುರಯ್ಯಾ ಬೀಯ ತಮ್ಮ ಹಸನ್ ಮೊಬೈಲು ಇಳಿಸಿ, “ಭಾಯಿಸಾಬ್, ಫೋಟೋಗಾದ್ರೂ ಒಂದ್ಸಲ ಬಲಗೈಗೆ ಕೊಡ್ಸಿ. ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಕು, ದುಬೈನೋರೆಲ್ಲ ನೋಡ್ತಾರೆ,” ಎಂದ. ಎಲ್ಲರೂ ಉಸ್ತಾನಿಯ ಕಡೆ ತಿರುಗಿದರು.

“ಊಟ ಬಲಗೈಲಿ ಮಾಡ್ಲಿ, ಅದನ್ನ ಪ್ರೀತಿಯಿಂದ ಹೇಳ್ಕೊಡಿ,” ಎಂದರು ಉಸ್ತಾನಿ, “ಬರೆಯೋದಕ್ಕೆ ಯಾವ ಕೈ ಆದ್ರೇನು? ನಾನು ಯಾವತ್ತೂ ಬೇಡ ಅಂದಿಲ್ಲ. ಸಾಹೇಬ್ರು ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ.”

ಕೇಳುವುದು! ಅಬ್ಬಾ ಕೈ ಕಟ್ಟಿದ ಮೇಲಿನ ಅರವತ್ತೊಂದು ವರ್ಷದಲ್ಲಿ ಅದೊಂದು ಸಾಹೇಬರಿಗೆ ಹೊಳೆದಿರಲಿಲ್ಲ.

ಆದರೆ ರಿಮ್ಶಾ ನಂಬಲಿಲ್ಲ. “ನಾನು ಎಡಗೈ ಮುಟ್ಟಲ್ಲ ದಾದಾ, ಸಚ್ಚಿ,” ಎಂದಳು. ಸಾಹೇಬರು ನೆಲದ ಮೇಲೆ ಅವಳೆದುರು ಕೂತು, ಲೇಖನಿಯನ್ನು ಎಡಗೈಯಲ್ಲಿ ಹಿಡಿದರು. ಎಲ್ಲರೆದುರು, ಜೀವನದಲ್ಲಿ ಮೊದಲ ಸಲ. ಹಲಗೆಯ ಮೇಲೆ ಅಲಿಫ್ ಎಳೆದರು. ತಂತಿ ಬಾಗಿಸಿ ಪಳಗಿದ ಕೈ, ಗೆರೆ ನೆಟ್ಟಗೆ ಬಂತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ತಮ್ಮ ಅಕ್ಷರವನ್ನು ತಾವೇ ಬಾಯಿಬಿಟ್ಟುಕೊಂಡು ನೋಡಿದರು.

ರಿಮ್ಶಾ ತಟಕ್ಕನೆ ಲೇಖನಿ ಕಿತ್ತುಕೊಂಡಳು. “ತಪ್ಪು ಕೈ! ದಾದಾಗೆ ಇವತ್ತು ಮಿಠಾಯಿ ಇಲ್ಲ!”

ಮನೆ ತುಂಬ ನಗು ಎದ್ದಿತು. ಆಗಲೇ ಅವಳಿಗೆ ಲೇಖನಿ ತನ್ನ ಎಡಗೈಯಲ್ಲಿರುವುದು ಕಂಡದ್ದು. ಕೂಡಲೇ ಬೆನ್ನ ಹಿಂದೆ ಬಚ್ಚಿಟ್ಟಳು. ಕೇಸರಿ ಬೆನ್ನ ಮೇಲಿಂದ ಇಳಿಯುತ್ತಿದ್ದರೂ, “ನಾನು ಹಿಡ್ಕೊಂಡಿಲ್ಲ,” ಎಂದಳು.

ನಗು ನಿಂತಿತು. ಸಾಹೇಬರು ಮರ್ಯಾದೆ ಕಲಿಸಲು ಹೋಗಿ ನಾಲ್ಕು ವರ್ಷದ ಮಗುವಿಗೆ ಸುಳ್ಳು ಕಲಿಸಿದ್ದರು.

“ಹಿಡ್ಕೊಂಡಿದ್ದೀಯ ಬೇಟಾ. ಹಿಡ್ಕೋ. ಅದು ನಿನ್ ಕೈ,” ಎಂದರು. “ತಪ್ಪು ನಂದು. ಮಾಫ್ ಮಾಡು.” ಎಲ್ಲರೆದುರು ಅಳುತ್ತಿದ್ದೇನೆ ಎಂಬ ನಾಚಿಕೆ ಅವರಿಗೆ ಆಗಲೇ ಇಲ್ಲ.

ರಿಮ್ಶಾ ತಾತನ ಮುಖವನ್ನು ತುಂಬ ಹೊತ್ತು ನೋಡಿದಳು. ಕೈಯನ್ನು ಮುಂದೆ ತಂದಳು, ನಿಲ್ಲಿಸಿದಳು, ಇನ್ನೊಮ್ಮೆ ನೋಡಿದಳು. ಆಮೇಲೆ ಹಲಗೆಯ ಕಡೆ ತಿರುಗಿ, ತಾತನ ಗೆರೆಯ ಪಕ್ಕದಲ್ಲಿ ಎಡಗೈಯಿಂದ ಅಲಿಫ್ ಎಳೆದಳು. ಅದು ಹಲಗೆ ದಾಟಿ ಚಾದರದ ಮೇಲೂ ಒಂದು ಗೇಣು ಹೋಯಿತು. ಉಸ್ತಾನಿ ಮಾಷಾ ಅಲ್ಲಾ ಎಂದರು. ಹಸನ್ ಫೋಟೋ ತೆಗೆದ.

ಲಾಡು ಹಂಚುತ್ತ ಸುರಯ್ಯಾ ಬೀ ಗಂಡನ ಹತ್ತಿರ ಬಂದರು. ಸಾಹೇಬರು ಕೈ ಚಾಚಲಿಲ್ಲ.

“ನಂಗೆ ಇವತ್ತು ಇಲ್ಲ ಅಂತ ಹೇಳಿಯಾಗಿದೆ. ಅವಳನ್ನ ಕೇಳು.”

ರಿಮ್ಶಾ ಬಾಯಿ ತುಂಬ ಲಾಡು ಇಟ್ಟುಕೊಂಡು ತಾತನನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು.

“ನಾಳೆ ಕೊಡ್ತೀನಿ,” ಎಂದಳು.